ಮಾತು ಸರಿ, ನಡಿಗೆ ಸರಿ

1944ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬೆಂಗಳೂರಿನ ಇಬ್ಬರು ವೈದ್ಯರ ಲೇಖನವೊಂದು ಅಚ್ಚಾಯಿತು. ಒಬ್ಬರು ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯ ಡಾ. ಎಂ.ವಿ. ಗೋವಿಂದಸ್ವಾಮಿ, ಇನ್ನೊಬ್ಬರು ಶಸ್ತ್ರವೈದ್ಯ ಡಾ. ಬಿ.ಎನ್. ಬಾಲಕೃಷ್ಣ ರಾವ್. ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ, ಇಂಗ್ಲೆಂಡಿನಲ್ಲಿ ಅಚ್ಚಿನ ಕಾಗದಕ್ಕೂ ರೇಷನ್ನು. ಅಂಥ ಹೊತ್ತಿನಲ್ಲಿ ಒಂದು ದೇಶೀ ಸಂಸ್ಥಾನದ ವೈದ್ಯರ ಬರಹಕ್ಕೆ ಆ ಪತ್ರಿಕೆ ಜಾಗ ಕೊಟ್ಟಿತ್ತು. ವಿಷಯ, ಭಾರತೀಯ ರೋಗಿಗಳಿಗೆ ಮಾಡಿದ ಲ್ಯೂಕಾಟಮಿ. ತಲೆಬುರುಡೆಯ ಎರಡೂ ಪಕ್ಕ ತೂತು ಕೊರೆದು, ಹಣೆಯ ಹಿಂದಿರುವ ಮಿದುಳಿನ ಭಾಗವನ್ನು ಒಳಭಾಗಗಳಿಗೆ ಜೋಡಿಸುವ ಬಿಳಿ ನರತಂತುಗಳನ್ನು ಕತ್ತರಿಸುವ ಶಸ್ತ್ರಕ್ರಿಯೆ ಅದು.

ಆ ಕಾಲದ ಮೈಸೂರು ಸಂಸ್ಥಾನದಲ್ಲಿ ಮನೆಯವರ ಕೈಮೀರಿದ ಮನೋರೋಗಿಗೆ ಇದ್ದ ದೊಡ್ಡ ದಾರಿ ಎಂದರೆ ಬೆಂಗಳೂರಿನ ಈ ಆಸ್ಪತ್ರೆ. ಹಿಂದೆ ಮದ್ದಗಿರಿ ಎಂದು ಕರೆಸಿಕೊಳ್ಳುತ್ತಿದ್ದ ಮಧುಗಿರಿಯವರಾಗಲಿ, ಶಿರಾ, ಕೊರಟಗೆರೆಯವರಾಗಲಿ, ಸುತ್ತಲೂ ಮದರಾಸು ಪ್ರಾಂತದ ಊರುಗಳ ನಡುವೆ ದ್ವೀಪದ ಹಾಗೆ ಕೂತಿದ್ದ ಪಾವಗಡದವರಾಗಲಿ, ಹರಕೆ, ತಾಯಿತ, ನಾಟಿ ಔಷಧಿ ಎಲ್ಲ ಆದ ಮೇಲೆ ಬರಬೇಕಾಗಿದ್ದದ್ದು ಇಲ್ಲಿಗೇ. ಇವತ್ತಿನ ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗದ ಈ ನಾಲ್ಕು ತಾಲ್ಲೂಕುಗಳ ಕಡೆಯಿಂದಲೇ ನಾನು ಈ ಚರಿತ್ರೆಯನ್ನು ನೋಡಲು ಹೊರಟಿದ್ದೇನೆ. ಅದಕ್ಕೆ ಕಾರಣ ಮುಂದೆ ಬರುತ್ತದೆ.

ಆಸ್ಪತ್ರೆಗೆ ಆಗಲೇ ನೂರು ವರ್ಷ ತುಂಬುತ್ತಾ ಬಂದಿತ್ತು. ಕಮಿಷನರ್ ಮಾರ್ಕ್ ಕಬ್ಬನ್ ಆಡಳಿತದಲ್ಲಿ, 1847ರಲ್ಲಿ, ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಅದನ್ನು ‘ಲುನಾಟಿಕ್ ಅಸೈಲಂ’ ಎಂದು ಶುರುಮಾಡಿದಾಗ ತುಮಕೂರು ಜಿಲ್ಲೆ ಎಂಬುದೇ ಹುಟ್ಟಿರಲಿಲ್ಲ. 1925ರಲ್ಲಿ ಹೆಸರು ಮಾನಸಿಕ ಆಸ್ಪತ್ರೆ ಎಂದಾಯಿತು. ಡಾ. ಫ್ರಾಂಕ್ ನೊರೊನ್ಹಾ ಅವರ ಮುತುವರ್ಜಿ, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಬೆಂಬಲದಿಂದ 1930ರ ದಶಕದಲ್ಲಿ ಹೊಸೂರು ರಸ್ತೆಯ ವಿಶಾಲ ಜಾಗದಲ್ಲಿ ಹೊಸ ಕಟ್ಟಡಗಳೆದ್ದವು. ಹೆಸರು ಬದಲಾದರೂ ಜನರ ಬಾಯಲ್ಲಿ ಅದು ಹುಚ್ಚಾಸ್ಪತ್ರೆಯೇ. ಅದೇ ಮುಂದೆ ನಿಮ್ಹಾನ್ಸ್ ಆಯಿತು. ಈಗಲೂ ನಮ್ಮ ಕಡೆ ಬಸ್ಸಿನಲ್ಲಿ ಕೂತು ‘ನಿಮಾನ್ಸಿಗೆ ಹೋಗ್ತಿದೀವಿ’ ಅನ್ನುವವರು ದನಿ ತಗ್ಗಿಸಿಯೇ ಹೇಳುವುದು.

ಗೋವಿಂದಸ್ವಾಮಿಯವರನ್ನು ಇವತ್ತಿನ ಕಣ್ಣಿನಿಂದ ನೋಡಿ ಕ್ರೂರಿ ಎನ್ನುವುದು ಸುಲಭ. ಅವರ ಕೈಯಲ್ಲಿ ಏನಿತ್ತು ಎಂಬುದನ್ನೂ ನೋಡಬೇಕು. ಸ್ಕಿಜೋಫ್ರೀನಿಯಾಕ್ಕೆ ಮಾತ್ರೆ ಎಂಬುದೇ ಇರಲಿಲ್ಲ. ರೋಗಿ ಒಳಗೆ ಬಂದರೆ ವರ್ಷಗಟ್ಟಲೆ, ಕೆಲವೊಮ್ಮೆ ಸಾಯುವ ತನಕ, ಒಳಗೇ. ಕಾರ್ಡಿಯಾಜೋಲ್ ಎಂಬ ಔಷಧ ಚುಚ್ಚಿ ಬೇಕೆಂದೇ ಫಿಟ್ಸ್ ತರಿಸಿದರೆ ಕೆಲವರು ಸುಧಾರಿಸುತ್ತಾರೆ ಎಂಬ ಸುದ್ದಿ ಯುರೋಪಿನಿಂದ ಬಂದಾಗ ಅದನ್ನೂ ಅವರು 1930ರ ದಶಕದ ಕೊನೆಯಲ್ಲೇ ಬೆಂಗಳೂರಿನಲ್ಲಿ ಪರೀಕ್ಷಿಸಿ ನೋಡಿದ್ದರು. ಲೋಕದಲ್ಲಿ ಹೊಸದೇನು ಬಂದರೂ ತಮ್ಮ ರೋಗಿಗೆ ಅದರಿಂದ ಪ್ರಯೋಜನವಾದೀತೇ ಎಂದು ಹುಡುಕುತ್ತಿದ್ದ ವೈದ್ಯ ಅವರು. ಲ್ಯೂಕಾಟಮಿ ಬಂದದ್ದೂ ಹಾಗೆಯೇ.

ಅದರ ಮೂಲ ಹುಡುಕಿದರೆ 1935ರ ಆಗಸ್ಟಿಗೆ ಹೋಗಿ ನಿಲ್ಲುತ್ತೇವೆ. ಲಂಡನ್ನಿನಲ್ಲಿ ನರವಿಜ್ಞಾನಿಗಳ ಅಂತಾರಾಷ್ಟ್ರೀಯ ಸಮ್ಮೇಳನ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜಾನ್ ಫುಲ್ಟನ್ ಮತ್ತು ಕಾರ್ಲೈಲ್ ಜೇಕಬ್ಸನ್ ಎರಡು ಚಿಂಪಾಂಜಿಗಳ ವೃತ್ತಾಂತ ಹೇಳಿದರು. ಬೆಕಿ ಮತ್ತು ಲೂಸಿ ಅವುಗಳ ಹೆಸರು. ಪರೀಕ್ಷೆ ತೀರಾ ಸರಳ. ಎರಡು ಬಟ್ಟಲು ಬೋರಲು ಹಾಕಿ, ಒಂದರ ಕೆಳಗೆ ಚಿಂಪಾಂಜಿಯ ಕಣ್ಣೆದುರಿಗೇ ತಿಂಡಿ ಇಡುವುದು. ನಡುವೆ ಪರದೆ ಬಿಟ್ಟು ಸ್ವಲ್ಪ ಹೊತ್ತು ಕಾಯಿಸಿ ಮತ್ತೆ ಎತ್ತುವುದು. ಸರಿಯಾದ ಬಟ್ಟಲು ಎತ್ತಿದರೆ ತಿಂಡಿ ಅದಕ್ಕೆ. ಆರೋಗ್ಯವಾಗಿರುವ ಚಿಂಪಾಂಜಿಗೆ ಇದು ಲೆಕ್ಕಕ್ಕೇ ಇಲ್ಲ. ಎರಡೂ ಕಡೆಯ ಫ್ರಾಂಟಲ್ ಲೋಬುಗಳನ್ನು, ಅಂದರೆ ಹಣೆಯ ಹಿಂದಿನ ಮುಂಹಾಲೆಗಳನ್ನು ತೆಗೆದ ಮೇಲೆ, ಕೆಲವೇ ಸೆಕೆಂಡು ಪರದೆ ಬಿಟ್ಟರೂ ಅವು ಎಡವಿದವು. ಕಣ್ಣು ಕಾಣುತ್ತಿತ್ತು, ಕೈ ಆಡುತ್ತಿತ್ತು, ತಿಂಡಿಯ ಆಸೆಯೂ ಇತ್ತು. ಈಗಷ್ಟೇ ಕಂಡದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಮುಂದಿನ ಹೆಜ್ಜೆಗೆ ಬಳಸುವುದು ಮಾತ್ರ ಆಗುತ್ತಿರಲಿಲ್ಲ.

ಜೊತೆಗೆ ಇನ್ನೊಂದು ಸಂಗತಿಯನ್ನೂ ಅವರು ಹೇಳಿದರು. ಮೊದಲು ತಪ್ಪಾದಾಗಲೆಲ್ಲ ರೇಗಿ ನೆಲಕ್ಕೆ ಬಿದ್ದು ಒದ್ದಾಡುತ್ತಿದ್ದ ಬೆಕಿ, ಶಸ್ತ್ರಕ್ರಿಯೆಯಾದ ಮೇಲೆ ಎಷ್ಟು ತಪ್ಪಾದರೂ ಆರಾಮವಾಗಿ ಇರುತ್ತಿತ್ತು. ಲೂಸಿಯಲ್ಲಿ ಈ ಶಾಂತಿ ಕಾಣಲಿಲ್ಲ. ಆದರೆ ಸಭೆಯಲ್ಲಿದ್ದ ಪೋರ್ಚುಗಲ್ಲಿನ ನರವೈದ್ಯ ಎಗಾಸ್ ಮೊನಿಜ್‌ರ ಮನಸ್ಸು ಹಿಡಿದದ್ದು ಬೆಕಿಯನ್ನು. ಅದೇ ವರ್ಷ ನವೆಂಬರ್ 12ರಂದು ಲಿಸ್ಬನ್ನಿನಲ್ಲಿ ಅವರ ಸೂಚನೆಯಂತೆ ಶಸ್ತ್ರವೈದ್ಯ ಅಲ್ಮೇಡಾ ಲಿಮಾ ಮೊದಲ ಶಸ್ತ್ರಕ್ರಿಯೆ ಮಾಡಿದರು. ಮರುವರ್ಷ ಅಮೆರಿಕದಲ್ಲಿ ವಾಲ್ಟರ್ ಫ್ರೀಮನ್ ಮತ್ತು ಜೇಮ್ಸ್ ವಾಟ್ಸ್ ಇದನ್ನು ಕೈಗೆತ್ತಿಕೊಂಡು ಲೋಬಾಟಮಿ ಎಂದು ಹೆಸರಿಟ್ಟರು. ಯೇಲ್‌ನವರು ಎರಡು ಸಂಗತಿ ಹೇಳಿದ್ದರು, ಜಗತ್ತು ಒಂದನ್ನು ಮಾತ್ರ ಕೇಳಿಸಿಕೊಂಡಿತು. ಚಿಂಪಾಂಜಿ ಸಮಾಧಾನವಾಯಿತು ಎಂಬುದು ಚಿಕಿತ್ಸೆಯಾಯಿತು. ಚಿಂಪಾಂಜಿಗೆ ಕೆಲಸ ಮಾಡಲು ಬಾರದಾಯಿತು ಎಂಬುದು ಅಡಿಟಿಪ್ಪಣಿಯಾಯಿತು.

ಅದೇ 1935ರಲ್ಲಿ ಇನ್ನೊಂದು ವರದಿ ಹೊರಬಿದ್ದಿತ್ತು. ಎಲ್ಲರೂ ಅದನ್ನು ಓದಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಕೆನಡಾದ ಪ್ರಸಿದ್ಧ ನರಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ತನ್ನ ಒಡಹುಟ್ಟಿದ ಅಕ್ಕನಿಗೇ 1928ರಲ್ಲಿ ಶಸ್ತ್ರಕ್ರಿಯೆ ಮಾಡಬೇಕಾಗಿ ಬಂತು. ಮಿದುಳಿನ ಗೆಡ್ಡೆಯ ಜೊತೆಗೆ ಬಲಗಡೆಯ ಮುಂಹಾಲೆಯ ಬಹುಭಾಗವನ್ನು ತೆಗೆಯದೆ ವಿಧಿಯಿರಲಿಲ್ಲ. ಆಕೆ ಚೇತರಿಸಿಕೊಂಡಳು. ನೋಡಲು ಬಂದವರ ಜೊತೆ ಎಂದಿನ ಸೌಜನ್ಯದಿಂದ ಮಾತಾಡುತ್ತಿದ್ದಳು. ವರ್ಷ ಕಳೆದ ಮೇಲೆ ಒಂದು ದಿನ ಒಬ್ಬ ಅತಿಥಿ ಮತ್ತು ಮನೆಯ ನಾಲ್ವರಿಗೆ ರಾತ್ರಿಯೂಟ ತಯಾರಿಸುವೆನೆಂದು ಹುರುಪಿನಿಂದ ಹೊರಟಳು. ಊಟದ ಹೊತ್ತಿಗೆ ನೋಡಿದರೆ ಬೇಕಾದ ಸಾಮಾನೆಲ್ಲ ಅಡುಗೆಮನೆಯಲ್ಲಿದೆ, ಒಂದೆರಡು ಪದಾರ್ಥ ಒಲೆಯ ಮೇಲಿದೆ, ಸಲಾಡ್ ಆಗಿಲ್ಲ, ಮಾಂಸಕ್ಕೆ ಕೈಯನ್ನೇ ಹಾಕಿಲ್ಲ. ಒಬ್ಬಳೇ ಬಹಳ ಹೊತ್ತು ಒದ್ದಾಡಿ ಕಂಗಾಲಾಗಿ ನಿಂತಿದ್ದಳು. ಪಕ್ಕದಲ್ಲಿ ಒಬ್ಬರು ನಿಂತು ಈಗ ಇದು, ಆಮೇಲೆ ಅದು ಎಂದು ಹೇಳಿದರೆ ಎಲ್ಲವನ್ನೂ ಮಾಡಬಲ್ಲವಳಾಗಿದ್ದಳು. ತಮ್ಮನಾಗಿ ನೋಡಿದ್ದನ್ನು ಪೆನ್‌ಫೀಲ್ಡ್ ವಿಜ್ಞಾನಿಯಾಗಿ ಬರೆದರು. ಮುಂಹಾಲೆಯ ಬಗ್ಗೆ ಬಂದ ನೂರಾರು ಪ್ರಬಂಧಗಳಲ್ಲಿ ಇಷ್ಟು ಸ್ಪಷ್ಟವಾದ ಸಾಕ್ಷ್ಯ ನನಗೆ ಇನ್ನೊಂದು ಕಂಡಿಲ್ಲ. ಪ್ರತಿಯೊಂದು ಅಡುಗೆಯೂ ಗೊತ್ತು, ಅಡುಗೆ ಮಾಡುವುದು ಗೊತ್ತಿಲ್ಲ.

ಈ ವಿಷಯ ಬಂದರೆ ಫಿನಿಯಸ್ ಗೇಜ್ ಹೆಸರು ಬಿಡುವಂತಿಲ್ಲ. ಬೆಂಗಳೂರಿನಲ್ಲಿ ಅಸೈಲಂ ಆರಂಭವಾದ ಮರುವರ್ಷ, 1848ರ ಸೆಪ್ಟೆಂಬರ್ 13ರಂದು, ಅಮೆರಿಕದ ವರ್ಮಾಂಟ್‌ನಲ್ಲಿ ರೈಲುದಾರಿಗೆ ಬಂಡೆ ಸಿಡಿಸುತ್ತಿದ್ದ 25 ವರ್ಷದ ಈ ಮೇಸ್ತ್ರಿಯ ಎಡಗೆನ್ನೆಯಿಂದ ಹೊಕ್ಕ ಮೂರೂವರೆ ಅಡಿಗೂ ಉದ್ದದ, ಸುಮಾರು ಆರು ಕಿಲೋ ತೂಕದ ಕಬ್ಬಿಣದ ಸಲಾಕೆ ನೆತ್ತಿಯಿಂದ ಹೊರಬಿತ್ತು. ಆತ ಸಾಯಲಿಲ್ಲ. ಎತ್ತಿನ ಗಾಡಿಯಲ್ಲಿ ಎದ್ದು ಕೂತೇ ಊರಿಗೆ ಬಂದ. ಆದರೆ ಅಚ್ಚುಕಟ್ಟಿಗೆ ಹೆಸರಾಗಿದ್ದವನು ಬಾಯಿಗೆ ಬಂದಂತೆ ಬೈಯುವ, ಹಾಕಿದ ಯೋಜನೆಯನ್ನು ಮರುಗಳಿಗೆಗೇ ಕೈಬಿಡುವ ಮನುಷ್ಯನಾದ ಎಂದು ವೈದ್ಯ ಜಾನ್ ಹಾರ್ಲೋ ಬರೆದಿಟ್ಟರು. ಕಂಪನಿ ಅವನನ್ನು ಮತ್ತೆ ಮೇಸ್ತ್ರಿಯಾಗಿ ಸೇರಿಸಿಕೊಳ್ಳಲಿಲ್ಲ. ಪಠ್ಯಪುಸ್ತಕಗಳಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ. ನನಗೆ ಮುಖ್ಯವೆನಿಸುವುದು ಆಮೇಲಿನದು. 1852ರಿಂದ ಆತ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆ ಕೋಚು ಓಡಿಸಿದ. ಹೊತ್ತಿಗೆ ಏಳುವುದು, ಕುದುರೆ ಕಟ್ಟುವುದು, ಪ್ರಯಾಣಿಕರನ್ನು ಹತ್ತಿಸಿಕೊಂಡು ಗೊತ್ತಿರುವ ದಾರಿಯಲ್ಲಿ ಹೋಗಿ ಬರುವುದು. ದಿನವೂ ಅದೇ ಕ್ರಮ. ತಲೆಯೊಳಗಿನ ಕ್ರಮ ಕೆಟ್ಟವನಿಗೆ ಹೊರಗಿನ ದಿನಚರಿ ಆಸರೆಯಾಗಿ ನಿಂತಿತು ಎಂದು ಮಾಲ್ಕಮ್ ಮ್ಯಾಕ್‌ಮಿಲನ್ ಥರದ ಇತಿಹಾಸಕಾರರು ಈಗ ವಾದಿಸುತ್ತಾರೆ. ಆ ವಾದ ನನಗೆ ಒಪ್ಪಿಗೆ. ಗೇಜ್ 1860ರಲ್ಲಿ ತೀರಿಕೊಂಡ.

ಮತ್ತೆ ಬೆಂಗಳೂರಿಗೆ. ಲ್ಯೂಕಾಟಮಿಗಾಗಿ ಮೊನಿಜ್‌ಗೆ 1949ರಲ್ಲಿ ನೊಬೆಲ್ ಬಂತು. ಮೂರೇ ವರ್ಷದಲ್ಲಿ, 1952ರಲ್ಲಿ, ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧ ಮನೋರೋಗಿಗಳ ಮೇಲೆ ಕೆಲಸ ಮಾಡಿದ್ದು ಗೊತ್ತಾಯಿತು. ಅಲ್ಲಿಂದ ಲ್ಯೂಕಾಟಮಿಯ ಕಾಲ ಮುಗಿಯುತ್ತ ಬಂತು. ಈಗಿನ ಕಾನೂನು, 2017ರ ಮಾನಸಿಕ ಆರೋಗ್ಯ ಕಾಯ್ದೆ, ರೋಗಿ ತಿಳಿದು ಕೊಟ್ಟ ಒಪ್ಪಿಗೆ ಮತ್ತು ಮಂಡಳಿಯ ಅನುಮತಿ ಎರಡೂ ಇಲ್ಲದೆ ಮನೋರೋಗಕ್ಕಾಗಿ ಮಿದುಳಿನ ಶಸ್ತ್ರಕ್ರಿಯೆ ಮಾಡಕೂಡದು ಎನ್ನುತ್ತದೆ. 1940ರ ದಶಕದ ರೋಗಿಯನ್ನು ಹೀಗೆ ಕೇಳುವುದು ರೂಢಿಯಾಗಿರಲಿಲ್ಲ.

ಆ ಶಸ್ತ್ರಕ್ರಿಯೆಗಳ ಬಗ್ಗೆ ನನ್ನ ತಕರಾರು ಕತ್ತರಿಸಿದ್ದಕ್ಕಿಂತ ಅಳೆದ ರೀತಿಯ ಮೇಲೆ. ಜಗತ್ತಿನ ಬಹುತೇಕ ಎಲ್ಲ ಕಡೆಯೂ ಒರೆಗಲ್ಲು ಒಂದೇ ಆಗಿತ್ತು. ರೋಗಿ ಕೂಗುವುದು ನಿಲ್ಲಿಸಿದನೇ, ಹೊಡೆಯುವುದು ಬಿಟ್ಟನೇ, ವಾರ್ಡಿನಲ್ಲಿ ಇಟ್ಟುಕೊಳ್ಳಬಹುದೇ, ಮನೆಗೆ ಕಳಿಸಬಹುದೇ? ಮನೆಗೆ ಹೋದವನು ಬೆಳಿಗ್ಗೆ ಎದ್ದು ತಾನಾಗಿಯೇ ಒಂದು ಕೆಲಸ ಶುರುಮಾಡಿ ಮುಗಿಸಬಲ್ಲನೇ ಎಂಬುದು ಪ್ರಶ್ನೆಯೇ ಆಗಿರಲಿಲ್ಲ. ಅದನ್ನು ಅಳೆಯುವ ಸಾಧನವೂ ಬಳಕೆಯಲ್ಲಿ ಅಷ್ಟಾಗಿ ಇರಲಿಲ್ಲ.

ಸಾಧನ ಹುಟ್ಟಿದ್ದು ಇನ್ನೊಂದು ಕಡೆಯಿಂದ. ಅದೇ ಮಹಾಯುದ್ಧದಲ್ಲಿ ತಲೆಗೆ ಗುಂಡು ತಗುಲಿದ ಸೋವಿಯತ್ ಸೈನಿಕರನ್ನು ಅಲೆಕ್ಸಾಂಡರ್ ಲೂರಿಯಾ ಎಂಬ ಮನೋವಿಜ್ಞಾನಿ ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಪರೀಕ್ಷಿಸಿದರು. ಒಂದು ಕೆಲಸ ಎಂದರೆ ಏನೇನು ಎಂದು ಅವರು ಬಿಡಿಸಿ ನೋಡಿದರು. ಏನು ಬೇಕೆಂದು ಮನಸ್ಸು ಮಾಡಬೇಕು, ಯಾವುದರ ನಂತರ ಯಾವುದು ಎಂದು ಗೊತ್ತುಮಾಡಬೇಕು, ನಡುವೆ ಕಣ್ಣಿಗೆ ಬಿದ್ದದ್ದರ ಹಿಂದೆ ಹೋಗದೆ ತಡೆದುಕೊಳ್ಳಬೇಕು, ಆಗಿದ್ದನ್ನೂ ಅಂದುಕೊಂಡದ್ದನ್ನೂ ತಾಳೆ ನೋಡಿ ತಪ್ಪಿದ್ದರೆ ತಿದ್ದಬೇಕು. ಕೈಗೆ ಬಲ ಕೊಡುವ, ಕಣ್ಣಿಗೆ ನೋಟ ಕೊಡುವ ಭಾಗಗಳು ಮಿದುಳಿನಲ್ಲಿ ಬೇರೆ ಕಡೆ ಇವೆ. ಇದಿಷ್ಟನ್ನು ಹೊಂದಿಸುವುದರಲ್ಲಿ ಮುಂಹಾಲೆಯ ಪಾತ್ರ ದೊಡ್ಡದು. ಮಿದುಳಿನ ಹೊರಪದರದ ಸುಮಾರು ಮೂರನೇ ಒಂದು ಪಾಲು ಅದೇ. ಹುಟ್ಟಿದ ಮೇಲೆ ಪೂರ್ತಿ ಬಲಿಯಲು ಇಪ್ಪತ್ತು ದಾಟಿಯೂ ಕೆಲವು ವರ್ಷ ಬೇಕು.

ಇತ್ತ ಬೆಂಗಳೂರಿನಲ್ಲಿ, ದೇಶದ ಆರೋಗ್ಯ ಸೇವೆಗಳನ್ನು ಪರಿಶೀಲಿಸಿದ ಭೋರ್ ಸಮಿತಿ 1946ರಲ್ಲಿ ಮಾಡಿದ ಶಿಫಾರಸಿನ ಫಲವಾಗಿ 1954ರಲ್ಲಿ ಹೊಸೂರು ರಸ್ತೆಯ ಅದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಗೋವಿಂದಸ್ವಾಮಿಯವರೇ ಮೊದಲ ನಿರ್ದೇಶಕರು. ಮನೋವೈದ್ಯರ ಜೊತೆ ಮನೋವಿಜ್ಞಾನಿಗಳಿಗೂ ಅಲ್ಲಿ ಮೊದಲಿನಿಂದಲೇ ತರಬೇತಿ ಶುರುವಾಯಿತು. ಹಾಗಾಗಿ ಒಂದು ಕಾಲಕ್ಕೆ ಮುಂಹಾಲೆಯ ತಂತು ಕತ್ತರಿಸಿದ ಆಸ್ಪತ್ರೆಯೇ ಮುಂದೆ ಅದೇ ಮುಂಹಾಲೆಯ ಕೆಲಸವನ್ನು ಅಳೆಯುವ ಶಾಲೆಯೂ ಆಯಿತು, ಅದಕ್ಕೆ ನೆಲ ಹದಮಾಡಿದವರು ಗೋವಿಂದಸ್ವಾಮಿಯವರೇ. 1974ರ ಡಿಸೆಂಬರಿನಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಸೇರಿ ನಿಮ್ಹಾನ್ಸ್ ಆಯಿತು. ನರಶಸ್ತ್ರವೈದ್ಯ ಡಾ. ಆರ್. ಮಾರ್ತಾಂಡ ವರ್ಮ ಅದರ ಚುಕ್ಕಾಣಿ ಹಿಡಿದರು. ಅಲ್ಲಿ ಸಿ.ಆರ್. ಮುಕುಂದನ್ ಲೂರಿಯಾರ ಹಾದಿಯಲ್ಲಿ ನರಮನೋವಿಜ್ಞಾನದ ಪರೀಕ್ಷೆಗಳನ್ನು ಕಟ್ಟಿದರು. 2004ರಲ್ಲಿ ಶೋಭಿನಿ ಎಲ್. ರಾವ್, ಡಿ.ಕೆ. ಸುಬ್ಬಕೃಷ್ಣ ಮತ್ತು ಕೆ. ಗೋಪುಕುಮಾರ್ ‘ನಿಮ್ಹಾನ್ಸ್ ನ್ಯೂರೋಸೈಕಾಲಜಿ ಬ್ಯಾಟರಿ’ಯನ್ನು ಪ್ರಕಟಿಸಿದರು.

ಈ ಪರೀಕ್ಷೆಗಳು ಹೇಗಿರುತ್ತವೆ ಎಂದು ಕೊಂಚ ಹತ್ತಿರದಿಂದ ನೋಡಬಹುದು. ಲೂರಿಯಾರ ಒಂದು ಪರೀಕ್ಷೆಗೆ ಮೇಜೊಂದು ಸಾಕು. ಮುಷ್ಟಿ ಕಟ್ಟಿ ಮೇಜಿನ ಮೇಲಿಡಬೇಕು, ಆಮೇಲೆ ಅಂಗೈ ಬಿಡಿಸಿ ಅಂಚಿನ ಮೇಲೆ ನಿಲ್ಲಿಸಬೇಕು, ಆಮೇಲೆ ಅಂಗೈಯನ್ನು ಮಟ್ಟಸವಾಗಿ ಒತ್ತಬೇಕು. ಮುಷ್ಟಿ, ಅಂಚು, ಅಂಗೈ, ಮತ್ತೆ ಮುಷ್ಟಿ. ಓದುಗರು ಇಲ್ಲಿಯೇ ಒಮ್ಮೆ ಮಾಡಿ ನೋಡಬಹುದು. ಮುಂಹಾಲೆಗೆ ಪೆಟ್ಟಾದ ರೋಗಿ ಎರಡು ಸುತ್ತು ಸರಿ ಮಾಡಿ ಮೂರನೆಯದಕ್ಕೆ ಮುಷ್ಟಿ, ಮುಷ್ಟಿ, ಮುಷ್ಟಿ ಎಂದು ಅದರಲ್ಲೇ ಸಿಕ್ಕಿಕೊಳ್ಳಬಹುದು. ವಿಚಿತ್ರವೆಂದರೆ ‘ಮುಷ್ಟಿ, ಅಂಚು, ಅಂಗೈ’ ಎಂದು ಬಾಯಲ್ಲಿ ಸರಿಯಾಗಿಯೇ ಹೇಳುತ್ತಿರುತ್ತಾನೆ, ಕೈ ಮಾತ್ರ ಮುಷ್ಟಿ ಬಿಡುವುದಿಲ್ಲ. ಇನ್ನೊಂದು ‘ಟವರ್ ಆಫ್ ಲಂಡನ್’. ಹಲಗೆಯ ಮೇಲೆ ಮೂರು ಗೂಟ. ದೊಡ್ಡದಕ್ಕೆ ಮೂರು ಗುಂಡು, ನಡುವಿನದಕ್ಕೆ ಎರಡು, ಚಿಕ್ಕದಕ್ಕೆ ಒಂದೇ ಹಿಡಿಯುತ್ತದೆ. ಪರೀಕ್ಷಕರು ತಮ್ಮ ಹಲಗೆಯಲ್ಲಿ ಮೂರು ಬಣ್ಣದ ಗುಂಡುಗಳನ್ನು ಒಂದು ರೀತಿ ಜೋಡಿಸಿ ತೋರಿಸುತ್ತಾರೆ. ಒಂದು ಸಲಕ್ಕೆ ಒಂದೇ ಗುಂಡು ಎತ್ತಿ, ಆದಷ್ಟು ಕಮ್ಮಿ ನಡೆಗಳಲ್ಲಿ ಹಾಗೇ ಜೋಡಿಸಬೇಕು. ಕೆಲವೊಮ್ಮೆ ಗುಂಡನ್ನು ಬೇಕಾದ ಗೂಟದಿಂದ ಮೊದಲು ದೂರ ಇಟ್ಟು, ಆಮೇಲೆ ತರಬೇಕಾಗುತ್ತದೆ. ಕೈಯಿಡುವ ಮುಂಚೆ ಒಂದು ಗಳಿಗೆ ನಿಂತು ಯೋಚಿಸಿದವನು ಗೆಲ್ಲುತ್ತಾನೆ.

ಬೆಂಗಳೂರಿನವರು ಈ ಪರೀಕ್ಷೆಗಳಲ್ಲಿ ಹೆಚ್ಚಿನವನ್ನು ಹೊರದೇಶಗಳಿಂದಲೇ ತಂದರು. ಅವರ ನಿಜವಾದ ಕೊಡುಗೆ ಅಳತೆಗೋಲಿನದು. ವಿದೇಶಿ ಪರೀಕ್ಷೆಗಳು ಶಾಲೆಗೆ ಹೋದವರ ಲೆಕ್ಕದಲ್ಲಿ ಹುಟ್ಟಿದವು. ಕೊರಟಗೆರೆ ಸೀಮೆಯ, ಹೆಬ್ಬೆಟ್ಟು ಒತ್ತುವ ಅರವತ್ತರ ಹೆಂಗಸನ್ನು ಕಾಲೇಜು ಓದಿದವರ ಅಂಕಕ್ಕೆ ಹೋಲಿಸಿದರೆ ಆಕೆಗೆ ಇಲ್ಲದ ಕಾಯಿಲೆ ಇದೆ ಎಂದಾಗುತ್ತದೆ. ನಿಮ್ಹಾನ್ಸ್ ತಂಡ 16ರಿಂದ 65 ವರ್ಷದವರೆಗಿನ ಆರೋಗ್ಯವಂತ ಗಂಡಸರು, ಹೆಂಗಸರನ್ನು ಪರೀಕ್ಷಿಸಿ, ಓದುಬರಹ ಬಾರದವರು, ಶಾಲೆ ಕಲಿತವರು, ಕಾಲೇಜು ಮೆಟ್ಟಿಲು ಹತ್ತಿದವರು ಎಂದು ಬೇರೆಬೇರೆ ಮಾನದಂಡ ಸಿದ್ಧಮಾಡಿತು. ಅಕ್ಷರ ಬಾರದವರೂ ಮಾಡಬಹುದಾದ ಪರೀಕ್ಷೆಗಳು ಅದರಲ್ಲಿವೆ: ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ ಎಂಬ ಬಗೆಯವು. ಕುರಿ, ಮೇಕೆ, ಎಮ್ಮೆ, ಹೋರಿ ಎಂದು ಶುರುಮಾಡಿ, ಹಟ್ಟಿಯ ಪ್ರಾಣಿ ಮುಗಿದ ಮೇಲೆ ಮೈದನಹಳ್ಳಿ ಕಾವಲಿನ ಕೃಷ್ಣಮೃಗಕ್ಕೋ ಕಾಡಿನ ಕರಡಿಗೋ ತಾನಾಗಿ ಹಾರಬೇಕು. ಹಾಗೆ ಒಂದು ಗುಂಪಿನಿಂದ ಇನ್ನೊಂದಕ್ಕೆ ಹಾರುವ ಚುರುಕು ಮುಂಹಾಲೆಯ ಕೆಲಸ. ಪಾವಗಡದಲ್ಲಿ ಮನೆಮಾತು ತೆಲುಗು ಆಗಿರುವವರು ಬಹಳ. ಅಂಥವರನ್ನು ಯಾವ ಭಾಷೆಯಲ್ಲಿ ಕೇಳಬೇಕು ಎಂಬುದೂ ಪರೀಕ್ಷಕರ ಎದುರಿಗಿರುವ ನಿಜವಾದ ಪ್ರಶ್ನೆಯೇ.

ಇನ್ನು ನಾಲ್ಕು ತಾಲ್ಲೂಕುಗಳನ್ನು ಎಳೆದು ತಂದದ್ದಕ್ಕೆ ಕಾರಣ. ಶಸ್ತ್ರವೈದ್ಯನ ಚಾಕು ಮುಂಹಾಲೆಯಿಂದ ದೂರವಾದ ಕಾಲದಲ್ಲೇ ಅದಕ್ಕೆ ಬೇರೆ ಶತ್ರು ಹುಟ್ಟಿತು. ಬೆಂಗಳೂರು–ಪುಣೆ ಹೆದ್ದಾರಿ, ಹಳೆಯ ನಾಲ್ಕನೇ ನಂಬರಿನದು, ಈಗ 48, ಸುವರ್ಣ ಚತುಷ್ಪಥ ಯೋಜನೆಯಲ್ಲಿ ಅಗಲವಾಗಿ ಶಿರಾ ತಾಲ್ಲೂಕನ್ನು ಸೀಳಿಕೊಂಡು ಹೋಯಿತು. ಆಚೆ ಬದಿಗೆ ಹೊಲ, ಈಚೆ ಬದಿಗೆ ಮನೆ, ನಡುವೆ ನೂರರ ವೇಗದಲ್ಲಿ ಲಾರಿ. ಮಧುಗಿರಿ, ಪಾವಗಡದ ರಸ್ತೆಗಳೂ ಡಾಂಬರು ಕಂಡವು, ಮನೆಮನೆಗೆ ಬೈಕು ಬಂತು. ಗಂಡ ಹೆಂಡತಿ ಎರಡು ಮಕ್ಕಳು ಒಂದೇ ಬೈಕಿನಲ್ಲಿ, ಹೆಲ್ಮೆಟ್ಟು ಟ್ಯಾಂಕಿನ ಮೇಲೆ ಅಥವಾ ಕನ್ನಡಿಗೆ ನೇತುಹಾಕಿ. ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವೆಂದು ಕರ್ನಾಟಕ ಸರ್ಕಾರ 2016ರ ಜನವರಿಯಲ್ಲಿ ಆಜ್ಞೆ ಮಾಡಿತು. ಅದು ಹಳ್ಳಿಯ ರಸ್ತೆಯಲ್ಲಿ ಎಷ್ಟರ ಮಟ್ಟಿಗೆ ನಡೆಯುತ್ತಿದೆ ಎಂಬುದು ಕಣ್ಣಿದ್ದವರಿಗೆಲ್ಲ ಕಾಣುತ್ತದೆ.

ತಲೆಬುರುಡೆಯ ಒಳನೆಲ ಎಲ್ಲ ಕಡೆ ನಯವಾಗಿಲ್ಲ. ಕಣ್ಣುಗುಡ್ಡೆಗಳ ಮೇಲಿನ ಮೂಳೆ, ಅಂದರೆ ಮುಂಹಾಲೆ ಕೂತಿರುವ ಜಾಗ, ಏಣುಏಣಾಗಿ ಒರಟಾಗಿದೆ. ಬೈಕಿನಿಂದ ಬಿದ್ದಾಗ ಬುರುಡೆ ಗಕ್ಕನೆ ನಿಲ್ಲುತ್ತದೆ, ಒಳಗಿನ ಮೆತ್ತನೆಯ ಮಿದುಳು ಮುಂದಕ್ಕೆ ಜಾರಿ ಆ ಒರಟು ಮೂಳೆಗೆ ಉಜ್ಜುತ್ತದೆ. ಹಿಂದಲೆಗೆ ಪೆಟ್ಟು ಬಿದ್ದಾಗಲೂ ಮುಂದಿನ ಹಾಲೆಗೆ ಗಾಯವಾಗುವುದು ಇದೇ ಕಾರಣಕ್ಕೆ. ಹೊರಗೆ ಹಣೆಯ ಮೇಲೆ ಎರಡು ಹೊಲಿಗೆ ಮಾತ್ರ ಕಂಡೀತು. ರೋಗಿ ಎದ್ದು ಕೂರುತ್ತಾನೆ, ಹೆಸರು ಊರು ಹೇಳುತ್ತಾನೆ, ಕಾಫಿ ಕುಡಿಯುತ್ತಾನೆ. ದೇವರು ದೊಡ್ಡವನು, ಕೈಕಾಲಿಗೆ ಏನೂ ಆಗಲಿಲ್ಲ ಎಂದು ಮನೆಯವರು ಕರೆದುಕೊಂಡು ಬರುತ್ತಾರೆ.

ತೊಂದರೆ ಗೊತ್ತಾಗುವುದು ಮುಂಗಾರಿಗೆ. ಪಾವಗಡ, ಶಿರಾ, ಮಧುಗಿರಿಯ ಖುಷ್ಕಿ ಹೊಲದಲ್ಲಿ ಕಡಲೆಕಾಯಿ ಬಿತ್ತುವುದೆಂದರೆ ಕೂರಿಗೆ ಹಿಡಿಯುವ ಕೈಚಳಕ ಒಂದೇ ಸಾಲದು. ಮೃಗಶಿರದ ಮಳೆಗೆ ನೆಲ ಹದವಾಯಿತೋ, ಆರಿದ್ರೆಗೆ ಕಾಯಬೇಕೋ. ಬೀಜದ ಕಾಯಿ ಸುಲಿಸುವುದು ಯಾವಾಗ. ಸೊಸೈಟಿ ಸಾಲದ ಹಣ ಗೊಬ್ಬರಕ್ಕೋ ಬೀಜಕ್ಕೋ. ಟ್ರ್ಯಾಕ್ಟರಿನವನಿಗೆ ಯಾವತ್ತು ಹೇಳುವುದು, ಮುಯ್ಯಾಳು ಯಾರು. ತೊಗರಿಯನ್ನು ಎಷ್ಟು ಸಾಲಿಗೊಂದು ಅಕ್ಕಡಿ ಹಾಕುವುದು. ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಮುಂದೇನು. ಒಂದು ವರ್ಷದಂತೆ ಇನ್ನೊಂದು ವರ್ಷ ಇರುವುದಿಲ್ಲ. ಬಹುಶಃ ನಮ್ಮ ಬರಗಾಡಿನ ರೈತನಷ್ಟು ಮುಂಹಾಲೆಯನ್ನು ದುಡಿಸಿಕೊಳ್ಳುವವರು ಕಡಿಮೆ. ಪೆಟ್ಟು ತಿಂದವನು ಕುರಿ ಹೊಡೆದುಕೊಂಡು ಹೋಗಿ ಬರಬಲ್ಲ, ಹಾಲು ಕರೆದು ಡೇರಿಗೆ ಹಾಕಿ ಬರಬಲ್ಲ. ಗೇಜ್‌ನ ಕೋಚಿನ ಹಾಗೆ ಅಲ್ಲಿ ಒಂದು ಕೆಲಸ ಮುಂದಿನದನ್ನು ತಾನೇ ಕರೆಯುತ್ತದೆ. ಬಿತ್ತನೆಯ ಹೊತ್ತಿಗೆ ಮಾತ್ರ ಜಗಲಿಯ ಮೇಲೆ ಸುಮ್ಮನೆ ಕೂತಿರುತ್ತಾನೆ, ಇಲ್ಲವೇ ಗೊಬ್ಬರದ ದುಡ್ಡಿನಲ್ಲಿ ಹೊಸ ಮೊಬೈಲು ತಂದು ನಿಲ್ಲುತ್ತಾನೆ. ಹೆಂಡತಿಗೆ ಎದುರಾಡದವನು ಬೀದಿಯಲ್ಲಿ ನಿಂತು ಬೈಯುತ್ತಾನೆ. ಊರು ಅವನಿಗೆ ಸೋಮಾರಿ, ದುಂದುಗಾರ, ಬಿದ್ದ ಮೇಲೆ ಕೊಬ್ಬು ಜಾಸ್ತಿಯಾಯಿತು ಎಂದು ಹೆಸರಿಡುತ್ತದೆ. ಅವನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು ಎಂದು ಯಾರಿಗೂ ಹೊಳೆಯುವುದಿಲ್ಲ, ಮಾತೂ ಸರಿ ನಡಿಗೆಯೂ ಸರಿ ಇದೆಯಲ್ಲ. 1940ರ ದಶಕದ ವೈದ್ಯಲೋಕ ನೋಡದೆ ಬಿಟ್ಟದ್ದನ್ನೇ ನಮ್ಮ ಹಟ್ಟಿಗಳು ಇವತ್ತು ನೋಡದೆ ಬಿಡುತ್ತಿವೆ.

ಹಾಗೆಂದು ಏನೂ ಆಗಿಲ್ಲವೆಂದಲ್ಲ. ಮಧುಗಿರಿ, ಗೌರಿಬಿದನೂರಿನಂಥ ಊರುಗಳಿಗೆ ನಿಮ್ಹಾನ್ಸ್ ತಂಡ ತಿಂಗಳಿಗೊಮ್ಮೆ ಬಂದು ರೋಗಿಗಳನ್ನು ನೋಡುವ ಪರಿಪಾಠ ಬಹಳ ಹಿಂದೆಯೇ ಶುರುವಾಯಿತು. ಇದೇ ಜಿಲ್ಲೆಯ ತುರುವೇಕೆರೆಯಲ್ಲಿ ಸ್ಕಿಜೋಫ್ರೀನಿಯಾ ರೋಗಿಗಳನ್ನು ಊರಲ್ಲೇ ಹುಡುಕಿ ಚಿಕಿತ್ಸೆ ಕೊಡುವ ದೊಡ್ಡ ಕೆಲಸ ಅವರಿಂದ ನಡೆದಿದೆ. 2014ರಿಂದ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಗೊತ್ತಾದ ಮಂಗಳವಾರ ಮನೋವೈದ್ಯರು ಕೂರುತ್ತಾರೆ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಮಿದುಳಿನ ಆರೋಗ್ಯದ ಕಾರ್ಯಕ್ರಮವೊಂದನ್ನು ಕೋಲಾರ, ಚಿಕ್ಕಬಳ್ಳಾಪುರ ಸೇರಿ ಮೂರು ಕಡೆ ಆರಂಭಿಸಿತು. ಅಪಘಾತವಾದ ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗೆ ಭರಿಸುವ ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ 2016ರಲ್ಲಿ ಬಂತು. ಅದರಿಂದ ಜೀವಗಳು ಉಳಿದಿವೆ. ಆದರೆ 48 ಗಂಟೆಯ ನಂತರ ಶುರುವಾಗುವ ಈ ತೊಂದರೆಗೆ ಅಲ್ಲಿ ಕಾಲಂ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿಮಾಡಿದೆ, ಪಾರ್ಕಿನ್ಸನ್ ಇದೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ತಲೆಗೆ ಪೆಟ್ಟಾಗಿ ಮಿದುಳು ಕೆಟ್ಟದ್ದು ಎಂಬ ಹೆಸರಿನದು ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ.

ಮೋಟಾರು ಅಪಘಾತದ ಪರಿಹಾರ ಮೊಕದ್ದಮೆಗಳಲ್ಲಿ ಇದರ ನಷ್ಟ ನೇರವಾಗಿ ಕಾಣುತ್ತದೆ. ಮುರಿದ ಕಾಲಿಗೆ ಎಕ್ಸ್‌ರೇ ಇದೆ, ಶೇಕಡಾವಾರು ಲೆಕ್ಕ ಇದೆ. ಬಿತ್ತನೆ ನಡೆಸಲು ಬಾರದಾದವನು ಕಟಕಟೆಯಲ್ಲಿ ನಿಂತು ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟರೆ ಅವನ ಕೇಸೇ ಬಿದ್ದುಹೋದ ಹಾಗೆ. ಅಂಗ ಎಷ್ಟು ಊನವಾಯಿತು ಎನ್ನುವುದಕ್ಕಿಂತ ದುಡಿಯುವ ಶಕ್ತಿ ಎಷ್ಟು ಹೋಯಿತು ಎಂಬುದನ್ನು ನೋಡಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅದನ್ನು ತೋರಿಸಿಕೊಡುವ ಪರೀಕ್ಷೆಯೂ ಬೆಂಗಳೂರಿನಲ್ಲಿದೆ, ಓದುಬರಹ ಬಾರದವರಿಗೂ ಆಗುವಂಥದ್ದು. ತಲೆಗೆ ಪೆಟ್ಟು ಬಿದ್ದವರ ಮನೆಯವರು ಲೋಕ ಅದಾಲತ್ತಿನಲ್ಲಿ ರಾಜಿಗೆ ರುಜು ಹಾಕುವ ಮುಂಚೆ ಒಮ್ಮೆ ನರಮನೋವಿಜ್ಞಾನದ ಪರೀಕ್ಷೆ ಮಾಡಿಸಿ, ಆ ವರದಿಯನ್ನು ವಕೀಲರ ಕೈಗೆ ಕೊಡಿ. ವಕೀಲರು ಇದು ಬೇಡ ಎಂದರೆ ಏಕೆ ಬೇಡ ಎಂದು ಕೇಳಿ.